ಒಂದು ಹನಿ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯನ್ನು ಗುರುತಿಸುವುದು: ರಕ್ತಲೇಪನದ ತಯಾರಿಕೆಯಿಂದ ಎಣಿಕೆಯವರೆಗೆ

ಮಲೇರಿಯಾ ಪತ್ತೆಗೆ ರಕ್ತಲೇಪನ ಮಾಡುವುದನ್ನು ಕಲಿಸುವಾಗ ನಮ್ಮಲ್ಲಿ ಹಂತಗಳನ್ನು ಬಾಯಿಪಾಠ ಮಾಡಿಸುವುದೇ ಹೆಚ್ಚು. ಬೆರಳು ಚುಚ್ಚಬೇಕು, ಒಂದೇ ಸ್ಲೈಡಿನ ಮೇಲೆ ದಪ್ಪ ಲೇಪನವನ್ನೂ ತೆಳು ಲೇಪನವನ್ನೂ ಮಾಡಬೇಕು, ತೆಳು ಲೇಪನವನ್ನು ಮೆಥನಾಲ್‌ನಲ್ಲಿ ಅದ್ದಬೇಕು, ದಪ್ಪ ಲೇಪನಕ್ಕೆ ಮೆಥನಾಲ್ ಸೋಕಲೇಬಾರದು ಎಂದು ವಿದ್ಯಾರ್ಥಿಗಳು ತಡವರಿಸದೆ ಒಪ್ಪಿಸುತ್ತಾರೆ. ಒಂದಕ್ಕೆ ಬೇಕಾದ ಮೆಥನಾಲ್ ಪಕ್ಕದಲ್ಲೇ ಇರುವ ಇನ್ನೊಂದಕ್ಕೆ ಏಕೆ ಬೇಡ ಎಂದು ಕೇಳಿದರೆ ಬಹುತೇಕರು ಸುಮ್ಮನಾಗುತ್ತಾರೆ. ಉತ್ತರ ಪುಸ್ತಕದ ಕೊನೆಯಲ್ಲಿಲ್ಲ, ಕೆಂಪು ರಕ್ತಕಣದ ರಚನೆಯಲ್ಲಿದೆ. ಈ ಪರೀಕ್ಷೆಯ ಪ್ರತಿಯೊಂದು ಹಂತಕ್ಕೂ ಕೋಶದೊಳಗೆ ಒಂದು ಕಾರಣವಿದೆ. ಆ ಕಾರಣ ತಿಳಿದವರು ಹಂತವನ್ನು ಮರೆಯುವುದಿಲ್ಲ, ಮರೆತರೂ ಯೋಚಿಸಿ ಮತ್ತೆ ಕಂಡುಕೊಳ್ಳಬಲ್ಲರು. ಜೀವಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೂ ಪ್ರಯೋಗಾಲಯ ತಂತ್ರಜ್ಞರಾಗಲು ಕಲಿಯುತ್ತಿರುವವರಿಗೂ ಕೋಶ ಮತ್ತು ಕೈಕೆಲಸ ಎರಡನ್ನೂ ಜೊತೆಯಾಗಿಟ್ಟು ವಿವರಿಸುವುದು ಈ ಬರಹದ ಉದ್ದೇಶ.

ಪರಾವಲಂಬಿ ಸೋಂಕುಗಳ ಅಭ್ಯಾಸಕ್ಕೆ ಮಲೇರಿಯಾವನ್ನೇ ಆರಿಸಿಕೊಂಡದ್ದಕ್ಕೆ ನಮ್ಮ ನೆಲದ ನಂಟೂ ಒಂದು ಕಾರಣ. ಮಲೇರಿಯಾದ ಪರಾವಲಂಬಿಯನ್ನು ಫ್ರೆಂಚ್ ಸೇನಾವೈದ್ಯ ಲಾವೆರಾನ್ 1880ರಲ್ಲಿ ಆಲ್ಜೀರಿಯದ ಕಾನ್‌ಸ್ಟಾಂಟಿನ್ ನಗರದಲ್ಲಿ ರೋಗಿಯೊಬ್ಬನ ರಕ್ತದಲ್ಲಿ ಮೊದಲ ಬಾರಿಗೆ ಕಂಡರು. ಅದು ಸೊಳ್ಳೆಯ ದೇಹದಲ್ಲಿಯೂ ಬೆಳೆಯುತ್ತದೆ ಎಂಬುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡರು. ಅದೇ ರಾಸ್ 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ವೈದ್ಯರಾಗಿದ್ದಾಗ, ತಾವು ಇಳಿದುಕೊಂಡಿದ್ದ ಬಂಗಲೆಯ ಬಳಿ ನೀರು ತುಂಬಿದ ತೊಟ್ಟಿಯಲ್ಲಿ ಸೊಳ್ಳೆಗಳು ಮರಿಮಾಡುವುದನ್ನು ಗಮನಿಸಿದ್ದರು. ಇಂದಿಗೂ ಮಂಗಳೂರಿನಂಥ ನಗರದಲ್ಲಿ ಕಟ್ಟಡ ಕಾಮಗಾರಿಯ ನಿಂತ ನೀರಿನಲ್ಲೂ ತೆರೆದ ತೊಟ್ಟಿಗಳಲ್ಲೂ ಅನಾಫಿಲಿಸ್ ಸ್ಟಿಫೆನ್ಸಿ ಎಂಬ ಸೊಳ್ಳೆ ಬೆಳೆಯುತ್ತದೆ. ಹೀಗಾಗಿ ಕರಾವಳಿಯ ಪ್ರಯೋಗಾಲಯಗಳಲ್ಲಿ ಈ ಕೆಲಸ ಪಠ್ಯದ ಪ್ರಯೋಗವಲ್ಲ, ದಿನನಿತ್ಯದ ಕೆಲಸ.

ಎರಡು ಕೋಶಗಳ ಪರಿಚಯ

ಸೂಕ್ಷ್ಮದರ್ಶಕದ ಕೆಳಗೆ ನಾವು ನೋಡಲಿರುವುದು ಒಂದು ಕೋಶದೊಳಗೆ ಸೇರಿಕೊಂಡಿರುವ ಇನ್ನೊಂದು ಕೋಶವನ್ನು. ಹೊರಗಿನದು ಮನುಷ್ಯನ ಕೆಂಪು ರಕ್ತಕಣ. ಸುಮಾರು 7ರಿಂದ 8 ಮೈಕ್ರೊಮೀಟರ್ ವ್ಯಾಸದ, ಎರಡೂ ಬದಿ ನಡುವೆ ತಗ್ಗಿರುವ ಈ ಕೋಶದಲ್ಲಿ ಬಲಿಯುವ ಹೊತ್ತಿಗೆ ಕೋಶಕೇಂದ್ರವೂ ಇರುವುದಿಲ್ಲ, ಮೈಟೊಕಾಂಡ್ರಿಯವೂ ಇರುವುದಿಲ್ಲ. ಒಳಗೆ ತುಂಬಿರುವುದು ಹಿಮೊಗ್ಲೋಬಿನ್. ಸುತ್ತಲೂ ತೆಳ್ಳಗಿನ ಪೊರೆ. ಕೋಶಕೇಂದ್ರವಿಲ್ಲದ ಕೋಶ ಎಂಬ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಇಡೀ ಪರೀಕ್ಷೆ ಇದರ ಮೇಲೆಯೇ ನಿಂತಿದೆ: ಬಲಿತ ಕೆಂಪು ಕಣದೊಳಗೆ ಕೋಶಕೇಂದ್ರದ ಬಣ್ಣ ಕಂಡರೆ ಅದು ಆ ಕಣದ್ದಾಗಿರಲು ಸಾಧ್ಯವಿಲ್ಲ, ಬೇರೆ ಯಾರದ್ದೋ ಆಗಿರಬೇಕು ಎಂದು ಅನುಮಾನಿಸಲು ಕಾರಣ ಸಿಗುತ್ತದೆ.

ಒಳಗಿನದು ಪ್ಲಾಸ್ಮೋಡಿಯಂ. ಇದು ಬ್ಯಾಕ್ಟೀರಿಯವಲ್ಲ, ಪೊರೆಯಿಂದ ಸುತ್ತುವರಿದ ಕೋಶಕೇಂದ್ರ, ಕೋಶರಸ, ರೈಬೋಸೋಮುಗಳು ಮತ್ತು ಮೈಟೊಕಾಂಡ್ರಿಯ ಇರುವ ಪೂರ್ಣ ಪ್ರಮಾಣದ ಏಕಕೋಶ ಜೀವಿ. ಕೋಶರಚನೆಯ ಮಟ್ಟಿಗೆ ಅದು ಬ್ಯಾಕ್ಟೀರಿಯಕ್ಕಿಂತ ನಮಗೇ ಹೆಚ್ಚು ಹತ್ತಿರ, ಮಲೇರಿಯಾಕ್ಕೆ ಔಷಧಿ ಹುಡುಕುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ. ಅದರ ಒಂದು ತುದಿಯಲ್ಲಿ ರಾಪ್ಟ್ರಿ ಮತ್ತು ಮೈಕ್ರೊನೀಮ್ ಎಂಬ ಪುಟ್ಟ ಚೀಲಗಳಿದ್ದು, ಕೆಂಪು ಕಣಕ್ಕೆ ಅಂಟಿಕೊಂಡು ಒಳನುಗ್ಗಲು ಬೇಕಾದ ಪ್ರೋಟೀನುಗಳನ್ನು ಅವು ಹೊರಸೂಸುತ್ತವೆ. ಇದಲ್ಲದೆ ಎಪಿಕೊಪ್ಲಾಸ್ಟ್ ಎಂಬ ಒಂದು ಅಂಗಕವೂ ಇದೆ. ಯಾವುದೋ ಪುರಾತನ ಕಾಲದಲ್ಲಿ ಈ ಜೀವಿಯ ಪೂರ್ವಜ ಒಂದು ಕೆಂಪು ಪಾಚಿಯನ್ನು ನುಂಗಿ ಜೀರ್ಣಿಸದೆ ಉಳಿಸಿಕೊಂಡದ್ದರ ಗುರುತು ಅದು. ದ್ಯುತಿಸಂಶ್ಲೇಷಣೆಯ ಶಕ್ತಿ ಕಳೆದುಹೋಗಿದ್ದರೂ ಸುಮಾರು 35,000 ಜೋಡಿ ಪ್ರತ್ಯಾಮ್ಲಗಳ ಸ್ವಂತ ಡಿಎನ್‌ಎಯನ್ನು ಅದು ಇಂದಿಗೂ ಹೊತ್ತುಕೊಂಡಿದೆ. ಇವೆಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಸ್ಪಷ್ಟವಾಗುವಂಥವು. ನಮ್ಮ ಮೇಜಿನ ಮೇಲಿನ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 0.2 ಮೈಕ್ರೊಮೀಟರ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಆದ್ದರಿಂದ ನಮಗೆ ಕಾಣುವುದು ಮುಖ್ಯವಾಗಿ ನಾಲ್ಕು ಸಂಗತಿಗಳು: ಕೋಶಕೇಂದ್ರ, ಕೋಶರಸ, ಆಹಾರದ ರಸದಾನಿ, ಮತ್ತು ಹಿಮೊಜೋಯಿನ್ ಎಂಬ ಕಂದು ಕಣಗಳು.

ಕೊನೆಯ ಎರಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರಾವಲಂಬಿ ಕೆಂಪು ಕಣದೊಳಗಿನ ಹಿಮೊಗ್ಲೋಬಿನ್ ಅನ್ನು ನುಂಗಿ ರಸದಾನಿಯಲ್ಲಿ ಜೀರ್ಣಿಸಿಕೊಳ್ಳುತ್ತದೆ. ಪ್ರೋಟೀನಿನ ಭಾಗ ಅದಕ್ಕೆ ಆಹಾರ, ಆದರೆ ಉಳಿಯುವ ಕಬ್ಬಿಣಯುಕ್ತ ಹೀಮ್ ಅದಕ್ಕೇ ವಿಷ. ಆ ವಿಷವನ್ನು ಅದು ಕರಗದ ಹರಳಾಗಿ ಕಟ್ಟಿಡುತ್ತದೆ. ಆ ಹರಳೇ ಹಿಮೊಜೋಯಿನ್. ಇದಕ್ಕೆ ಬಣ್ಣ ಹಾಕಬೇಕಾಗಿಲ್ಲ, ಅದರದೇ ಕಂದು ಬಣ್ಣದಿಂದ ಕಾಣುತ್ತದೆ. ಲಾವೆರಾನ್ ಬಣ್ಣ ಹಾಕದ ಹಸಿ ರಕ್ತದಲ್ಲಿಯೇ ಪರಾವಲಂಬಿಯನ್ನು ಗುರುತಿಸಲು ಸಾಧ್ಯವಾದದ್ದರಲ್ಲಿ ಈ ಕಂದು ಕಣಗಳ ಪಾಲು ದೊಡ್ಡದು. ಕ್ಲೋರೊಕ್ವಿನ್ ಔಷಧಿ ಕೆಲಸ ಮಾಡುವುದೂ ಇಲ್ಲಿಯೇ: ಹೀಮ್ ಹರಳುಗಟ್ಟುವುದನ್ನು ಅದು ತಡೆಯುತ್ತದೆ, ಪರಾವಲಂಬಿ ತಾನು ಉಂಡದ್ದರ ವಿಷಕ್ಕೆ ತಾನೇ ಬಲಿಯಾಗುತ್ತದೆ.

ಮನುಷ್ಯರಲ್ಲಿ ಮಲೇರಿಯಾ ತರುವ ಪ್ರಭೇದಗಳು ಐದು: ಫಾಲ್ಸಿಪೇರಂ, ವೈವ್ಯಾಕ್ಸ್, ಮಲೇರಿಯೆ, ಓವಲೆ ಮತ್ತು ನೋಲೆಸಿ. ನಮ್ಮ ದೇಶದ ಪ್ರಯೋಗಾಲಯಕ್ಕೆ ಬರುವುದು ಬಹುಮಟ್ಟಿಗೆ ಮೊದಲ ಎರಡೇ. ಸೊಳ್ಳೆ ಕಚ್ಚಿದಾಗ ಒಳಸೇರುವ ರೂಪ ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ಸುಮಾರು ಒಂದು ವಾರ ಕಾಲ ಸದ್ದಿಲ್ಲದೆ ವೃದ್ಧಿಯಾಗಿ, ಅನಂತರ ರಕ್ತಕ್ಕೆ ಇಳಿಯುತ್ತದೆ. ಈ ಯಕೃತ್ತಿನ ಅವಧಿಯಲ್ಲಿ ರಕ್ತಲೇಪನದಲ್ಲಿ ಏನೂ ಕಾಣುವುದಿಲ್ಲ. ವೈವ್ಯಾಕ್ಸ್‌ನಲ್ಲಿ ಕೆಲವು ಪರಾವಲಂಬಿಗಳು ಯಕೃತ್ತಿನಲ್ಲೇ ನಿದ್ರಿಸುತ್ತ ಉಳಿದು ತಿಂಗಳುಗಳ ಬಳಿಕ ಮತ್ತೆ ಜ್ವರ ತರಬಲ್ಲವು. ಅವನ್ನು ಕೊಲ್ಲುವ ಪ್ರಿಮಾಕ್ವಿನ್ ಕೊಡಬೇಕೆ ಎಂಬ ನಿರ್ಧಾರ ವೈದ್ಯರದು, ಆದರೆ ಆ ನಿರ್ಧಾರಕ್ಕೆ ಬೇಕಾದ ಪ್ರಭೇದದ ಹೆಸರು ಬರಬೇಕಾದ್ದು ಸ್ಲೈಡ್ ಓದುವವರಿಂದ.

ಸ್ಲೈಡ್, ಬೆರಳು, ಹನಿ

ಸ್ಲೈಡ್ ಹೊಸದಾಗಿದ್ದರೂ ತೊಳೆಯದೆ ಬಳಸಬಾರದು. ಸಾಬೂನಿನ ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ, ಒಣಗಿಸಿ, ಅಂಚುಗಳಲ್ಲಿ ಮಾತ್ರ ಹಿಡಿಯಬೇಕು. ಜಿಡ್ಡಿನ ಗುರುತಿರುವಲ್ಲಿ ರಕ್ತ ಹರಡದೆ ತೂತುತೂತಾಗುತ್ತದೆ. ಗೀರುಬಿದ್ದ ಹಳೆಯ ಸ್ಲೈಡಿನ ಗೀರುಗಳಲ್ಲಿ ಬಣ್ಣದ ಕಣಗಳು ಕುಳಿತು ಪರಾವಲಂಬಿಯಂತೆ ಕಣ್ಣು ಕಟ್ಟುತ್ತವೆ.

ರಕ್ತವನ್ನು ಮಲೇರಿಯಾ ಔಷಧಿ ಆರಂಭಿಸುವ ಮೊದಲೇ ತೆಗೆಯಬೇಕು. ಜ್ವರ ಏರಿದಾಗಲೇ ತೆಗೆಯಬೇಕೆಂದು ಕಾಯುವುದು ಹಳೆಯ ರೂಢಿ, ಅದರಿಂದ ರೋಗಿಗೆ ವಿಳಂಬವಷ್ಟೇ ಲಾಭ. ಬಂದ ಕೂಡಲೇ ತೆಗೆಯುವುದು ಸರಿ. ದೊಡ್ಡವರಲ್ಲಿ ಎಡಗೈಯ ಉಂಗುರ ಬೆರಳು, ಎಳೆಯ ಕೂಸುಗಳಲ್ಲಿ ಕಾಲಿನ ಹೆಬ್ಬೆರಳು ಅಥವಾ ಹಿಮ್ಮಡಿ. ಕೈಗವಸು ತೊಟ್ಟು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಚುಚ್ಚಬೇಕು. ಆರದ ಸ್ಪಿರಿಟ್ ಹನಿಯೊಡನೆ ಬೆರೆತರೆ ಕೆಂಪು ಕಣಗಳ ಆಕಾರ ಕೆಡುತ್ತದೆ, ದಪ್ಪ ಲೇಪನ ಅಲ್ಲಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬೆರಳಿನ ತುದಿಯ ನಟ್ಟನಡುವೆ ಚುಚ್ಚದೆ ಸ್ವಲ್ಪ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿ ಬಿಟ್ಟು, ಅನಂತರದ ಹನಿಗಳನ್ನು ಬಳಸಬೇಕು. ಬೆರಳನ್ನು ಜೋರಾಗಿ ಹಿಂಡಿದರೆ ಅಂಗಾಂಶದ ದ್ರವ ಸೇರಿ ರಕ್ತ ನೀರಾಗುತ್ತದೆ, ಎಣಿಕೆ ತಪ್ಪುತ್ತದೆ.

ಬಳಸಿದ ಲ್ಯಾನ್ಸೆಟ್ ಮತ್ತೊಬ್ಬರಿಗೆ ಎಂದೂ ಸಲ್ಲದು, ಅದು ನೇರವಾಗಿ, ಮೊನೆ ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೆ ಹೋಗಬೇಕು. ರಕ್ತ ಸೋಕಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ. ಇದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ವಿಂಗಡಣೆ. ಮಲೇರಿಯಾ ಹುಡುಕುವ ಹನಿಯಲ್ಲಿ ಹೆಪಟೈಟಿಸ್ ಬಿ ವೈರಸ್ ಕೂಡ ಇರಬಹುದು ಎಂಬ ಎಚ್ಚರ ಯಾವಾಗಲೂ ಇರಲಿ.

ಆಸ್ಪತ್ರೆಗಳಲ್ಲಿ ಹಲವು ಬಾರಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಯಲ್ಲಿ ತೆಗೆದ ರಕ್ತವೇ ಪ್ರಯೋಗಾಲಯಕ್ಕೆ ಬರುತ್ತದೆ. ಅದರಿಂದಲೂ ಲೇಪನ ಮಾಡಬಹುದು, ಆದರೆ ಒಂದು ಗಂಟೆಯೊಳಗೆ ಮಾಡುವುದು ಕ್ಷೇಮ. ಕೊಳವೆಯಲ್ಲಿ ಹೊತ್ತು ಕಳೆದಂತೆ ಪರಾವಲಂಬಿಗಳು ಮುದುಡುತ್ತವೆ. ದೇಹದ ಬಿಸಿ ತಪ್ಪಿ ತಣ್ಣಗಾದ ರಕ್ತದಲ್ಲಿ ಗಂಡು ಲಿಂಗರೂಪಗಳು (ಸೊಳ್ಳೆಯೊಳಗೆ ಗಂಡು ಹೆಣ್ಣು ಕೂಡಲು ಸಿದ್ಧವಾದ ಪರಾವಲಂಬಿಯ ರೂಪಗಳಲ್ಲಿ ಗಂಡು) ತಾವು ಸೊಳ್ಳೆಯ ಹೊಟ್ಟೆ ಸೇರಿದೆವೆಂಬಂತೆ ಬಾಲದಂಥ ಎಳೆಗಳನ್ನು ಹೊರಚಾಚುವುದೂ ಉಂಟು, ಅದನ್ನು ಮೊದಲ ಬಾರಿ ನೋಡಿದವರು ಬೇರೆ ಯಾವುದೋ ಪರಾವಲಂಬಿಯೆಂದು ತಿಳಿಯುತ್ತಾರೆ.

ಎರಡು ಲೇಪನ ಏಕೆ

ಸ್ಲೈಡಿನ ಒಂದು ತುದಿಯಲ್ಲಿ ರೋಗಿಯ ಸಂಖ್ಯೆ ಮತ್ತು ದಿನಾಂಕವನ್ನು ಸೀಸದಕಡ್ಡಿಯಿಂದ ಬರೆಯಬೇಕು. ಪೆನ್ನಿನ ಶಾಯಿ ಮೆಥನಾಲ್‌ನಲ್ಲಿ ತೊಳೆದುಹೋಗುತ್ತದೆ. ಆ ತುದಿಗೆ ಹತ್ತಿರವಾಗಿ ದಪ್ಪ ಲೇಪನ, ಎದುರು ತುದಿಯ ಕಡೆಗೆ ತೆಳು ಲೇಪನ ಬರಲಿ. ಹೀಗೆ ಮಾಡಿದರೆ ಹೆಸರಿನ ತುದಿಯನ್ನು ಹಿಡಿದು ತೆಳು ಲೇಪನವನ್ನಷ್ಟೇ ಮೆಥನಾಲ್‌ಗೆ ಇಳಿಸುವುದು ಸುಲಭ.

ದಪ್ಪ ಲೇಪನಕ್ಕೆ ಸುಮಾರು 6 ಮೈಕ್ರೊಲೀಟರ್ ರಕ್ತ ಸಾಕು. ಅದನ್ನು ಇನ್ನೊಂದು ಸ್ಲೈಡಿನ ಮೂಲೆಯಿಂದ ಕೆಲವೇ ಸುತ್ತು ಬಳಸಿ ಸುಮಾರು 10 ಮಿಲಿಮೀಟರ್ ವ್ಯಾಸದ ವೃತ್ತವಾಗಿ ಹರಡಬೇಕು. ದಪ್ಪ ಸರಿಯಾಗಿದೆಯೇ ಎಂದು ತಿಳಿಯಲು ಹಳೆಯ, ಇಂದಿಗೂ ಬದಲಿಯಿಲ್ಲದ ಉಪಾಯವೊಂದಿದೆ: ಹಸಿ ಲೇಪನದ ಅಡಿಯಲ್ಲಿ ದಿನಪತ್ರಿಕೆಯನ್ನಿಟ್ಟರೆ ಅದರ ಅಕ್ಷರ ಕಷ್ಟಪಟ್ಟು ಓದುವಷ್ಟು ಕಾಣಬೇಕು. ಅಕ್ಷರ ಮರೆಯಾದರೆ ಲೇಪನ ಹೆಚ್ಚು ದಪ್ಪ, ತೊಳೆಯುವಾಗ ಸಿಪ್ಪೆಯಂತೆ ಕಿತ್ತು ಬರುತ್ತದೆ.

ತೆಳು ಲೇಪನಕ್ಕೆ ಸುಮಾರು 2 ಮೈಕ್ರೊಲೀಟರ್. ಹರಡುವ ಸ್ಲೈಡನ್ನು ಹನಿಯ ಮುಂದೆ ಇಟ್ಟು, ಹಿಂದಕ್ಕೆಳೆದು ಹನಿಗೆ ಮುಟ್ಟಿಸಿ, ರಕ್ತ ಅಂಚಿನುದ್ದಕ್ಕೂ ಹರಿದ ಕೂಡಲೇ 45 ಡಿಗ್ರಿ ಕೋನದಲ್ಲಿ ಒಂದೇ ಸಮನೆ ಮುಂದಕ್ಕೆ ತಳ್ಳಬೇಕು. ಕೈ ನಡುವೆ ನಿಲ್ಲಬಾರದು. ಚೆನ್ನಾಗಿ ಬಂದ ಲೇಪನ ನಾಲಗೆಯ ಆಕಾರದಲ್ಲಿದ್ದು ತುದಿಯಲ್ಲಿ ಗರಿಯಂತೆ ತೆಳುವಾಗುತ್ತದೆ. ಅಲ್ಲಿ ಕೆಂಪು ಕಣಗಳು ಒಂದರ ಮೇಲೊಂದು ಬೀಳದೆ ಒಂದೇ ಪದರದಲ್ಲಿರುತ್ತವೆ. ಕೋನ ಹೆಚ್ಚಿಸಿ ವೇಗವಾಗಿ ತಳ್ಳಿದರೆ ಲೇಪನ ದಪ್ಪವಾಗುತ್ತದೆ, ಕೋನ ತಗ್ಗಿಸಿ ನಿಧಾನವಾಗಿ ತಳ್ಳಿದರೆ ತೆಳುವಾಗುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ 50 ಸ್ಲೈಡ್ ಕೆಡಿಸಿ ಕಲಿಯುವುದೇ ಸರಿಯಾದ ದಾರಿ.

ಈಗ ಮೊದಲ ಪ್ರಶ್ನೆಗೆ ಬರೋಣ. ಮೆಥನಾಲ್ ಕೋಶದ ಪ್ರೋಟೀನುಗಳನ್ನು ಇದ್ದಲ್ಲೇ ಗಟ್ಟಿಗೊಳಿಸಿ ಗಾಜಿಗೆ ಅಂಟಿಸುತ್ತದೆ. ಹೀಗೆ ಸ್ಥಿರಗೊಂಡ ಕೆಂಪು ಕಣ ಆಮೇಲೆ ನೀರು ಸೋಕಿದರೂ ಒಡೆಯುವುದಿಲ್ಲ. ತೆಳು ಲೇಪನದಲ್ಲಿ ನಮಗೆ ಬೇಕಾದದ್ದು ಇದೇ: ಕಣದ ಗಾತ್ರ ಹಿಗ್ಗಿದೆಯೇ, ಆಕಾರ ಹೇಗಿದೆ, ಅದರೊಳಗೆ ಚುಕ್ಕೆಗಳಿವೆಯೇ ಎಂಬುದರಿಂದಲೇ ಪ್ರಭೇದವನ್ನು ನಿರ್ಧರಿಸಬೇಕು. ದಪ್ಪ ಲೇಪನದ ಗುರಿ ಬೇರೆ. ಅಲ್ಲಿ ಕೆಂಪು ಕಣಗಳು ಹಲವು ಪದರಗಳಲ್ಲಿ ಒಟ್ಟಿಕೊಂಡಿರುತ್ತವೆ. ಅವೆಲ್ಲ ಉಳಿದರೆ ಬೆಳಕೇ ಹಾಯುವುದಿಲ್ಲ. ಸ್ಥಿರಗೊಳಿಸದೆ ಬಿಟ್ಟರೆ ಬಣ್ಣದ ದ್ರಾವಣದಲ್ಲಿರುವ ನೀರು ಪರಾಸರಣದಿಂದ ಕಣದೊಳಗೆ ನುಗ್ಗಿ ಅದನ್ನು ಒಡೆಯುತ್ತದೆ, ಹಿಮೊಗ್ಲೋಬಿನ್ ಕರಗಿ ಹೊರಹೋಗುತ್ತದೆ, ಪರಾವಲಂಬಿಗಳೂ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಗಾಜಿನ ಮೇಲೆ ಉಳಿಯುತ್ತವೆ. ಹೀಗೆ ಒಂದೇ ನೋಟದಲ್ಲಿ ತೆಳು ಲೇಪನಕ್ಕಿಂತ ಹಲವು ಪಟ್ಟು ಹೆಚ್ಚು ರಕ್ತವನ್ನು ಹುಡುಕಿದಂತಾಗುತ್ತದೆ. ದಪ್ಪ ಲೇಪನ ಪರಾವಲಂಬಿ ಇದೆಯೇ ಎಂಬುದಕ್ಕೆ, ತೆಳು ಲೇಪನ ಅದು ಯಾವುದು ಎಂಬುದಕ್ಕೆ.

ಇದು ತಿಳಿದ ಮೇಲೆ ದಪ್ಪ ಲೇಪನವನ್ನು ದೀಪದ ಬಿಸಿಯಲ್ಲಿ ಒಣಗಿಸಬಾರದು ಎಂಬ ನಿಯಮವೂ ತಾನಾಗಿ ಅರ್ಥವಾಗುತ್ತದೆ: ಬಿಸಿ ಕೂಡ ಮೆಥನಾಲ್‌ನಂತೆಯೇ ಪ್ರೋಟೀನನ್ನು ಗಟ್ಟಿಗೊಳಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ದಿನ ಸುಮ್ಮನೆ ಬಿಟ್ಟರೂ ಲೇಪನ ತಾನೇ ಸ್ಥಿರಗೊಂಡುಬಿಡುತ್ತದೆ; ಆದ್ದರಿಂದ ಆದಷ್ಟು ಮಟ್ಟಿಗೆ ಅದೇ ದಿನ, ತಪ್ಪಿದರೆ ಮರುದಿನ ಬಣ್ಣ ಹಾಕಬೇಕು. ಒಣಗುವಾಗ ಸ್ಲೈಡ್ ಮಟ್ಟಸವಾಗಿ ಮಲಗಿರಬೇಕು, ಮೇಲೆ ಮುಚ್ಚಳವಿರಬೇಕು. ನೊಣ, ಇರುವೆ, ಜಿರಲೆಗಳಿಗೆ ಒಣಗುತ್ತಿರುವ ರಕ್ತ ಆಹಾರ, ಮುಚ್ಚದಿದ್ದರೆ ಬೆಳಗಾಗುವಷ್ಟರಲ್ಲಿ ದಪ್ಪ ಲೇಪನದಲ್ಲಿ ದೊಡ್ಡ ತೂತುಗಳಾಗಿರುತ್ತವೆ. ಕರಾವಳಿ ಮಳೆಗಾಲದಲ್ಲಿ ಇನ್ನೊಂದು ತೊಂದರೆ ತೇವದ್ದು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಸೇರಿದ ಮೆಥನಾಲ್‌ನಲ್ಲಿ ಅದ್ದಿದ ಕೆಂಪು ಕಣಗಳೊಳಗೆ ಹೊಳೆಯುವ ಗುಳ್ಳೆಗಳು ಕಾಣುತ್ತವೆ. ಸೀಸೆಯ ಮುಚ್ಚಳ ಬಿಗಿಯಾಗಿರಲಿ, ಬೇಕಾದಷ್ಟನ್ನೇ ಹೊರತೆಗೆದುಕೊಳ್ಳಿ. ಮೆಥನಾಲ್ ವಿಷ ಮತ್ತು ಬೇಗ ಬೆಂಕಿ ಹಿಡಿಯುವ ವಸ್ತು ಎಂಬುದೂ ನೆನಪಿರಲಿ.

ಬಣ್ಣ ಹಾಕುವ ಕ್ರಮ

1891ರಲ್ಲಿ ರಷ್ಯಾದ ರೊಮನೋವ್ಸ್ಕಿ ಇಯೋಸಿನ್ ಮತ್ತು ಮೆಥಿಲೀನ್ ಬ್ಲೂ ಬಣ್ಣಗಳನ್ನು ಬೆರೆಸಿ ಪರಾವಲಂಬಿಯ ಕೋಶಕೇಂದ್ರವನ್ನು ಕೆನ್ನೇರಳೆಯಾಗಿ ತೋರಿಸಿದರು. ಜರ್ಮನಿಯ ಜಿಮ್ಸಾ 1904ರಲ್ಲಿ ಅದನ್ನು ಸ್ಥಿರವಾದ ದ್ರಾವಣವಾಗಿಸಿದರು. ಇಂದಿಗೂ ಬಹುಪಾಲು ಪ್ರಯೋಗಾಲಯಗಳಲ್ಲಿ ಇರುವುದು ಅದೇ ಜಿಮ್ಸಾ ಬಣ್ಣ. ಭಾರತದ ಮಲೇರಿಯಾ ಕಾರ್ಯಕ್ರಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಜೆಎಸ್‌ಬಿ ಬಣ್ಣ ಇದೇ ಕುಟುಂಬದ್ದು. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಅವರ ಹೆಸರುಗಳಿಂದ ಅದಕ್ಕೆ ಆ ಹೆಸರು ಬಂದಿದೆ. ಇಲ್ಲಿ ಜಿಮ್ಸಾ ಕ್ರಮವನ್ನು ಹೇಳುತ್ತೇನೆ.

ತೆಳು ಲೇಪನವನ್ನು ಮಾತ್ರ ಕೆಲವೇ ಸೆಕೆಂಡು ಮೆಥನಾಲ್‌ಗೆ ಇಳಿಸಿ ತೆಗೆದು, ಅದು ದಪ್ಪ ಲೇಪನದತ್ತ ಹರಿಯದಂತೆ ತೆಳು ಲೇಪನದ ತುದಿಯನ್ನು ಕೆಳಗೆ ಮಾಡಿ ಆರಲು ಬಿಡಬೇಕು. ಮೆಥನಾಲ್‌ನ ಆವಿಯೂ ದಪ್ಪ ಲೇಪನವನ್ನು ಸ್ಥಿರಗೊಳಿಸಬಲ್ಲದು, ಆದ್ದರಿಂದ ತೆರೆದ ಪಾತ್ರೆಯ ಮೇಲೆ ಸ್ಲೈಡನ್ನು ಹಿಡಿದು ನಿಲ್ಲಬಾರದು. ಅನಂತರ 7.2 ಪಿಎಚ್ ಇರುವ ಬಫರ್ ನೀರಿನಲ್ಲಿ ಬಣ್ಣವನ್ನು ತೆಳುಮಾಡಿಕೊಳ್ಳಬೇಕು. ಹೊರರೋಗಿಗಳ ವರದಿ ಬೇಗ ಬೇಕಿದ್ದರೆ 1 ಭಾಗ ಬಣ್ಣಕ್ಕೆ 9 ಭಾಗ ಬಫರ್ ಸೇರಿಸಿ 8ರಿಂದ 10 ನಿಮಿಷ. ಹೆಚ್ಚು ಸ್ಲೈಡುಗಳಿದ್ದು ಅವಸರವಿಲ್ಲದಿದ್ದರೆ 3 ಮಿಲಿಲೀಟರ್ ಬಣ್ಣಕ್ಕೆ 97 ಮಿಲಿಲೀಟರ್ ಬಫರ್ ಸೇರಿಸಿ ಸುಮಾರು 45 ನಿಮಿಷ. ಎರಡನೆಯದರಲ್ಲಿ ಬಣ್ಣ ಸಮನಾಗಿ ಕೂರುತ್ತದೆ, ಸಮಯವಿರುವವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ತೆಳುಮಾಡಿದ ಬಣ್ಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬಾರದು. ಮೂಲ ಬಣ್ಣದ ಸೀಸೆಗೆ ಒದ್ದೆಯಾದ ಪಿಪೆಟ್ ಇಳಿಸಿದರೆ ಇಡೀ ಸೀಸೆ ಹಾಳಾಗುತ್ತದೆ.

ಸಮಯ ಮುಗಿದಾಗ ಬಣ್ಣವನ್ನು ಬಗ್ಗಿಸಿ ಚೆಲ್ಲಬಾರದು. ಮೇಲೆ ಲೋಹದಂತೆ ಹೊಳೆಯುವ ಕೆನೆಯೊಂದು ಕಟ್ಟಿರುತ್ತದೆ, ಚೆಲ್ಲಿದರೆ ಅದು ಲೇಪನದ ಮೇಲೆಯೇ ಕೂರುತ್ತದೆ. ಸ್ಲೈಡಿನ ಅಂಚಿನಿಂದ ಬಫರ್ ನೀರನ್ನು ಮೆಲ್ಲಗೆ ಬಿಟ್ಟು ಆ ಕೆನೆ ತೇಲಿ ಹೋಗುವಂತೆ ಮಾಡಬೇಕು. ಕೊನೆಗೆ ಲೇಪನದ ಬದಿ ಕೆಳಗಾಗುವಂತೆ ಸ್ಲೈಡನ್ನು ಓರೆಯಾಗಿ ನಿಲ್ಲಿಸಿ ಒಣಗಿಸಬೇಕು, ಒರೆಸಬಾರದು.

ಪಿಎಚ್ ಬಗ್ಗೆ ಇಷ್ಟು ಕಟ್ಟುನಿಟ್ಟು ಏಕೆಂದರೆ ಇಲ್ಲಿ ನಡೆಯುವುದು ವಿದ್ಯುದಂಶಗಳ ಆಕರ್ಷಣೆ. ಮೆಥಿಲೀನ್ ಬ್ಲೂನಿಂದ ಹುಟ್ಟುವ ಅಜೂರ್ ಬಣ್ಣ ಧನ ವಿದ್ಯುದಂಶದ್ದು. ಡಿಎನ್‌ಎ ಮತ್ತು ಆರ್‌ಎನ್‌ಎ ಆಮ್ಲಗಳಾದ್ದರಿಂದ ಋಣ ವಿದ್ಯುದಂಶ ಹೊಂದಿದ್ದು ಅದನ್ನು ಸೆಳೆದುಕೊಳ್ಳುತ್ತವೆ. ಡಿಎನ್‌ಎ ಮೇಲೆ ಅಜೂರ್ ಜೊತೆಗೆ ಇಯೋಸಿನ್ ಕೂಡ ಸೇರಿಕೊಂಡು ಕೆಂಪು ನೇರಳೆ ಮೂಡುತ್ತದೆ. ಆರ್‌ಎನ್‌ಎ ತುಂಬಿರುವ ಕೋಶರಸ ನೀಲಿಯಾಗುತ್ತದೆ. ಎರಡೂ ಇಲ್ಲದ ರಸದಾನಿ ಖಾಲಿಯಾಗಿ ಕಾಣುತ್ತದೆ. ನಡುವೆ ಖಾಲಿ, ಸುತ್ತ ನೀಲಿ ಎಳೆ, ಒಂದು ಕಡೆ ಉಂಗುರದ ಹರಳಿನಂತೆ ಕೆಂಪು ಕೋಶಕೇಂದ್ರ: ಎಲ್ಲರೂ ಹೇಳುವ ಉಂಗುರದ ಆಕಾರ ಹುಟ್ಟುವುದು ಹೀಗೆ. ನೀರು ಆಮ್ಲೀಯವಾದರೆ ಕೆಂಪು ಕಣಗಳು ಗಾಢ ಗುಲಾಬಿಯಾಗಿ ಕೋಶಕೇಂದ್ರ ಮಸುಕಾಗುತ್ತದೆ, ವೈವ್ಯಾಕ್ಸ್ ಗುರುತಿಸಲು ಬೇಕಾದ ಶಫ್ನರ್ ಚುಕ್ಕೆಗಳು ಮೂಡುವುದೇ ಇಲ್ಲ. ಕೊಳಾಯಿ ನೀರಿನಲ್ಲಿ ಬಣ್ಣ ಹಾಕಿ ಪ್ರಭೇದ ಹೇಳಲು ಕಷ್ಟಪಡುವವರನ್ನು ನಾನು ಬಹಳ ಕಂಡಿದ್ದೇನೆ. ದೋಷ ಅವರ ಕಣ್ಣಿನದಲ್ಲ.

ಓದುವುದು

ಮೊದಲು 10 ಪಟ್ಟಿನ ವಸ್ತುಮಸೂರದಲ್ಲಿ ಇಡೀ ಸ್ಲೈಡನ್ನು ಒಮ್ಮೆ ಸುತ್ತಿ ಬರಬೇಕು. ಲೇಪನದ ಗುಣಮಟ್ಟ ತಿಳಿಯುವುದಲ್ಲದೆ, ಆನೆಕಾಲು ರೋಗದ ಹುಳುವಿನ ಎಳೆಮರಿಗಳಾದ ಮೈಕ್ರೊಫೈಲೇರಿಯಗಳಿದ್ದರೆ ಅವೂ ಈ ಹಂತದಲ್ಲೇ ಕಣ್ಣಿಗೆ ಬೀಳುತ್ತವೆ. ಅವುಗಳಿಗಾಗಿಯೇ ಹುಡುಕುವಾಗ ರಕ್ತವನ್ನು ರಾತ್ರಿ ತೆಗೆಯಬೇಕು, ಏಕೆಂದರೆ ನಮ್ಮಲ್ಲಿನ ಪ್ರಭೇದ ಹೊರಮೈಯ ರಕ್ತಕ್ಕೆ ಬರುವುದು ರಾತ್ರಿಯೇ. ಆಮೇಲೆ ಒಂದು ಹನಿ ಇಮ್ಮರ್ಶನ್ ಎಣ್ಣೆ ಹಾಕಿ 100 ಪಟ್ಟಿನ ಮಸೂರಕ್ಕೆ ಹೋಗಬೇಕು. ಎಣ್ಣೆಯ ವಕ್ರೀಭವನಾಂಕ ಸುಮಾರು 1.515, ಗಾಜಿನದ್ದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಬೆಳಕು ಗಾಳಿಯಲ್ಲಿ ಬಾಗಿ ಚದುರಿಹೋಗದೆ ನೇರವಾಗಿ ಮಸೂರವನ್ನು ಸೇರುತ್ತದೆ. ಕಂಡೆನ್ಸರ್ ಮೇಲಕ್ಕಿರಲಿ, ಅದರ ಬೆಳಕಿಂಡಿ ತೆರೆದಿರಲಿ. ಬಣ್ಣ ಹಾಕಿದ ಸ್ಲೈಡಿಗೆ ಧಾರಾಳ ಬೆಳಕು ಬೇಕು.

ದಪ್ಪ ಲೇಪನದ ಒಳ್ಳೆಯ ಭಾಗದಲ್ಲಿ ಪ್ರತಿ ನೋಟಕ್ಕೆ (ಮಸೂರದಲ್ಲಿ ಒಮ್ಮೆಗೆ ಕಾಣುವ ವೃತ್ತಕ್ಕೆ) 10ರಿಂದ 20 ಬಿಳಿ ರಕ್ತಕಣಗಳ ಕೋಶಕೇಂದ್ರಗಳು ಕಾಣುತ್ತವೆ. ಅವುಗಳ ನೇರಳೆ ಬಣ್ಣ ಸರಿಯಾಗಿದ್ದರೆ ಪರಾವಲಂಬಿಯ ಬಣ್ಣವೂ ಸರಿಯಾಗಿರುತ್ತದೆ. ಕೆಂಪು ಕಣ ಒಡೆದುಹೋಗಿರುವುದರಿಂದ ಉಂಗುರಗಳು ಇಲ್ಲಿ ಪೂರ್ತಿಯಾಗಿ ಕಾಣದೆ ಅಲ್ಪವಿರಾಮದಂತೆಯೋ ಆಶ್ಚರ್ಯಸೂಚಕ ಚಿಹ್ನೆಯಂತೆಯೋ ರೆಕ್ಕೆ ಬಿಚ್ಚಿದ ಹಕ್ಕಿಯಂತೆಯೋ ತೋರುತ್ತವೆ. ಹೊಸಬರು ಹೆಚ್ಚು ಎಡವುವುದು ಇಲ್ಲಿ. ನಾನು ವಿದ್ಯಾರ್ಥಿಗಳಿಗೆ ಕೊಡುವ ಕಟ್ಟಳೆ ಒಂದೇ: ಕೆಂಪು ಚುಕ್ಕೆ ಮತ್ತು ಅದಕ್ಕೆ ತಾಗಿದ ನೀಲಿ ಕೋಶರಸ ಎರಡೂ ಒಂದೇ ಫೋಕಸ್‌ನಲ್ಲಿ ಕಾಣಬೇಕು. ಬಣ್ಣದ ಕಣಗಳು ಬೇರೆ ಮಟ್ಟದಲ್ಲಿ ತೇಲುತ್ತವೆ, ತಿರುಪು ಸ್ವಲ್ಪ ತಿರುಗಿಸಿದರೆ ಹೊಳೆಯುತ್ತವೆ. ಪ್ಲೇಟ್‌ಲೆಟ್‌ಗಳು ಕಾಳುಕಾಳಾದ ನೇರಳೆ ಮುದ್ದೆಗಳು, ಅವುಗಳಲ್ಲಿ ಕೆಂಪು ಮತ್ತು ನೀಲಿ ಬೇರೆಬೇರೆಯಾಗಿ ನಿಲ್ಲುವುದಿಲ್ಲ. ತೆಳು ಲೇಪನದಲ್ಲಿ ಪ್ಲೇಟ್‌ಲೆಟ್ ಕೆಂಪು ಕಣದ ಮೇಲೆ ಕುಳಿತು ಮೋಸ ಮಾಡುವುದುಂಟು. ಅದರ ಸುತ್ತ ಸಾಮಾನ್ಯವಾಗಿ ತಿಳಿ ಬಣ್ಣದ ಅಂಚು ಇರುತ್ತದೆ.

ಪ್ರಭೇದ ಹೇಳಲು ತೆಳು ಲೇಪನದ ಗರಿಯ ಭಾಗಕ್ಕೆ ಬರಬೇಕು. ವೈವ್ಯಾಕ್ಸ್ ಎಳೆಯ ಕೆಂಪು ಕಣಗಳನ್ನೇ ಹೊಕ್ಕುತ್ತದೆ. ಹೀಗಾಗಿ ಸೋಂಕಿತ ಕಣ ಸುತ್ತಲಿನವಕ್ಕಿಂತ ದೊಡ್ಡದಾಗಿ, ಪೇಲವವಾಗಿ, ಗುಲಾಬಿ ಬಣ್ಣದ ಶಫ್ನರ್ ಚುಕ್ಕೆಗಳಿಂದ ತುಂಬಿರುತ್ತದೆ. ಉಂಗುರ ಕಣದ ವ್ಯಾಸದ ಮೂರನೆಯ ಒಂದರಷ್ಟು. ಬೆಳೆದಂತೆ ಅಮೀಬದ ಹಾಗೆ ಅಡ್ಡಾದಿಡ್ಡಿ ಆಕಾರ ತಾಳುತ್ತದೆ. ಬಲಿತು ವಿಭಜನೆಯಾದಾಗ 12ರಿಂದ 24 ಮರಿಗಳು ಕಾಣುತ್ತವೆ. ಎಲ್ಲ ಹಂತಗಳೂ ಒಂದೇ ಸ್ಲೈಡಿನಲ್ಲಿ ಸಿಗುವುದು ಇದರ ಲಕ್ಷಣ.

ಫಾಲ್ಸಿಪೇರಂ ಬೇರೆಯೇ ಚಿತ್ರ. ಕಣದ ಗಾತ್ರ ಬದಲಾಗುವುದಿಲ್ಲ, ಉಂಗುರ ನವಿರಾಗಿ ಐದನೆಯ ಒಂದು ಭಾಗದಷ್ಟಿರುತ್ತದೆ, ಒಂದೇ ಕಣದಲ್ಲಿ ಎರಡು ಮೂರು ಉಂಗುರಗಳಿರಬಹುದು, ಒಂದೇ ಉಂಗುರಕ್ಕೆ ಎರಡು ಕೆಂಪು ಚುಕ್ಕೆಗಳಿರಬಹುದು, ಕೆಲವು ಕಣದ ಅಂಚಿಗೆ ಅಂಟಿಸಿದಂತಿರುತ್ತವೆ. ಉಂಗುರಗಳೂ ಬಾಳೆಹಣ್ಣಿನಂತೆ ಬಾಗಿದ ಲಿಂಗರೂಪಗಳೂ ಸಿಗುತ್ತವೆ, ನಡುವಿನ ಹಂತಗಳು ಸಿಗುವುದಿಲ್ಲ. ಅವು ಎಲ್ಲಿ ಹೋದವು ಎಂಬ ಪ್ರಶ್ನೆಗೆ ಉತ್ತರವೇ ಈ ಪ್ರಭೇದ ಜೀವ ತೆಗೆಯುವುದಕ್ಕೂ ಕಾರಣ. ಪರಾವಲಂಬಿ ಬೆಳೆಯುತ್ತಿದ್ದಂತೆ ತನ್ನ ಪ್ರೋಟೀನುಗಳನ್ನು ಕೆಂಪು ಕಣದ ಹೊರಮೈಗೆ ಕಳಿಸಿ, ಅಲ್ಲಿ ಅಂಟುವ ಗುಬುಟುಗಳನ್ನು ಮೂಡಿಸುತ್ತದೆ. ಆ ಕಣ ಮಿದುಳು, ಮೂತ್ರಪಿಂಡ ಮುಂತಾದ ಅಂಗಗಳ ಕಿರುರಕ್ತನಾಳದ ಗೋಡೆಗೆ ಅಂಟಿಕೊಂಡು ಬೆರಳಿನ ರಕ್ತಕ್ಕೆ ಬರುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಬೆರಳಿನಲ್ಲಿ ಎಣಿಸಿದ ಸಂಖ್ಯೆ ದೇಹದಲ್ಲಿರುವುದಕ್ಕಿಂತ ಕಡಿಮೆಯಿರಬಹುದು. ಈ ಪ್ರಭೇದದ ಬಲಿತ ಹಂತಗಳು ಬೆರಳಿನ ರಕ್ತದಲ್ಲೇ ಕಂಡರೆ ಅದು ತೀವ್ರ ಸೋಂಕಿನ ಸೂಚನೆ, ವರದಿ ಬರೆಯುವವರೆಗೂ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಎರಡೂ ಪ್ರಭೇದಗಳು ಒಂದೇ ರೋಗಿಯಲ್ಲಿರುವುದುಂಟು. ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು.

ಎಣಿಕೆ ಮತ್ತು ವರದಿ

ದಪ್ಪ ಲೇಪನದಲ್ಲಿ ಎರಡು ಎಣಿಕೆಯಂತ್ರಗಳನ್ನು ಇಟ್ಟುಕೊಂಡು, ಒಂದರಲ್ಲಿ ಬಿಳಿ ರಕ್ತಕಣಗಳನ್ನೂ ಇನ್ನೊಂದರಲ್ಲಿ ಪರಾವಲಂಬಿಗಳನ್ನೂ ಎಣಿಸುತ್ತ ಹೋಗಬೇಕು. 200 ಬಿಳಿ ಕಣಗಳಾಗುವಷ್ಟರಲ್ಲಿ 100 ಅಥವಾ ಹೆಚ್ಚು ಪರಾವಲಂಬಿ ಸಿಕ್ಕಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಇಲ್ಲದಿದ್ದರೆ 500 ಬಿಳಿ ಕಣಗಳವರೆಗೆ ಮುಂದುವರಿಸಬೇಕು. ಎಣಿಸತೊಡಗಿದ ನೋಟವನ್ನು ಅರ್ಧಕ್ಕೆ ಬಿಡದೆ ಮುಗಿಸಬೇಕು. ರೋಗಿಯ ಬಿಳಿ ಕಣಗಳ ನಿಜವಾದ ಸಂಖ್ಯೆ ಗೊತ್ತಿದ್ದರೆ ಅದನ್ನೇ ಬಳಸಬೇಕು, ಇಲ್ಲದಿದ್ದರೆ ಮೈಕ್ರೊಲೀಟರಿಗೆ 8,000 ಎಂದು ಇಟ್ಟುಕೊಳ್ಳುವುದು ರೂಢಿ. 200 ಬಿಳಿ ಕಣಗಳಿಗೆ 150 ಪರಾವಲಂಬಿ ಸಿಕ್ಕಿದರೆ 150ನ್ನು 8,000ದಿಂದ ಗುಣಿಸಿ 200ರಿಂದ ಭಾಗಿಸಿದಾಗ ಮೈಕ್ರೊಲೀಟರಿಗೆ 6,000 ಬರುತ್ತದೆ. ಫಾಲ್ಸಿಪೇರಂನ ಲಿಂಗರೂಪಗಳನ್ನು ಈ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಬರೆಯಬೇಕು. ಅವು ಚಿಕಿತ್ಸೆಯಾದ ಮೇಲೂ ಕೆಲವು ವಾರ ರಕ್ತದಲ್ಲಿ ಉಳಿಯಬಲ್ಲವು, ಅಷ್ಟರಿಂದ ಔಷಧಿ ಸೋತಿತೆಂದು ಅರ್ಥವಲ್ಲ. ಇದೇ ಎಚ್ಚರ, ಹನಿ ರಕ್ತ ಹಾಕಿದರೆ ಗೆರೆ ಮೂಡಿಸಿ ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೂ ಬೇಕು: ಅದು ಹುಡುಕುವ ಎಚ್‌ಆರ್‌ಪಿ-2 ಎಂಬ ಪ್ರೋಟೀನ್ ಪರಾವಲಂಬಿ ಸತ್ತ ಬಳಿಕವೂ ವಾರಗಟ್ಟಲೆ ಉಳಿದು ಗೆರೆ ತೋರಿಸುತ್ತದೆ.

ಏನೂ ಸಿಗದಿದ್ದಾಗ ದಪ್ಪ ಲೇಪನದಲ್ಲಿ ಕನಿಷ್ಠ 100 ನೋಟಗಳನ್ನು ನೋಡದೆ ಫಲಿತಾಂಶ ಬರೆಯಬಾರದು. ಆ 100 ನೋಟಗಳೆಂದರೆ ಎಷ್ಟು ರಕ್ತ ಎಂದು ಲೆಕ್ಕ ಹಾಕಿ ನೋಡಿ. ನೋಟಕ್ಕೆ 15 ಬಿಳಿ ಕಣಗಳಂತೆ 1,500 ಕಣಗಳು. ಮೈಕ್ರೊಲೀಟರಿಗೆ 8,000 ಎಂದರೆ ನೋಡಿದ್ದು ಒಂದು ಮೈಕ್ರೊಲೀಟರಿನ ಐದನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಮೈಕ್ರೊಲೀಟರಿಗೆ 10 ಪರಾವಲಂಬಿಗಳಿರುವ ವಯಸ್ಕನ ಸುಮಾರು 5 ಲೀಟರ್ ರಕ್ತದಲ್ಲಿ 5 ಕೋಟಿ ಪರಾವಲಂಬಿಗಳಿರುತ್ತವೆ. ಆದರೂ ಆ 100 ನೋಟಗಳಲ್ಲಿ ನಮಗೆ ಎದುರಾಗುವುದು ಸರಾಸರಿ ಎರಡು ಮಾತ್ರ, ಅವೂ ತೊಳೆಯುವಾಗ ಹೋಗಿರಬಹುದು. ದಿನಕ್ಕೆ ಹತ್ತಾರು ಸ್ಲೈಡ್ ಓದುವ ಕಣ್ಣಿಗೆ ನಿಜವಾಗಿ ಸಿಗುವ ಮಿತಿ ಮೈಕ್ರೊಲೀಟರಿಗೆ 50ರಿಂದ 100ರ ಸುತ್ತ ಇರುತ್ತದೆ.

ಆದ್ದರಿಂದ ವರದಿಯಲ್ಲಿ “ಮಲೇರಿಯಾ ಇಲ್ಲ” ಎಂದು ಬರೆಯದೆ, ಇಷ್ಟು ನೋಟಗಳಲ್ಲಿ ಪರಾವಲಂಬಿ ಕಂಡುಬಂದಿಲ್ಲ ಎಂದು ಸಂಖ್ಯೆ ಸಹಿತ ಬರೆಯಬೇಕು. ಜ್ವರ ಮುಂದುವರಿದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆ ರಕ್ತ ತೆಗೆದು, ಒಟ್ಟು ಮೂರು ಬಾರಿ ನೋಡಿದ ಮೇಲೆಯೇ ಮಲೇರಿಯಾವನ್ನು ಬದಿಗಿಡಬೇಕು. ಓದಿದ ಸ್ಲೈಡಿನ ಎಣ್ಣೆಯನ್ನು ಮಸೂರ ಒರೆಸುವ ಕಾಗದದಿಂದ ಉಜ್ಜದೆ ಒತ್ತಿ ತೆಗೆದು, ಬೆಳಕು ಮತ್ತು ತೇವ ತಾಗದ ಪೆಟ್ಟಿಗೆಯಲ್ಲಿ ಸಂಖ್ಯೆಯ ಕ್ರಮದಲ್ಲಿ ಇಡಿ. ಮೂರನೆಯ ಸ್ಲೈಡಿನಲ್ಲಿ ಪರಾವಲಂಬಿ ಸಿಕ್ಕಿದ ದಿನ ಮೊದಲನೆಯದನ್ನು ತೆಗೆದು ಮತ್ತೊಮ್ಮೆ ನೋಡಲು ಅದು ಬೇಕಾಗುತ್ತದೆ.